ನಮ್ಮ ಆರು ತಿಂಗಳು, ನಿಮ್ಮ ಇಪ್ಪತ್ತು ವಾರ

ಇಪ್ಪತ್ತು ವಾರಗಳ ಗೆರೆಯನ್ನು ಕಾಯುತ್ತಿರುವ ಮಾನ್ಯ ಆರೋಗ್ಯ ಕಾರ್ಯದರ್ಶಿಗಳೇ,

ನನ್ನ ಅಕ್ಕ ಹೊನ್ನೂರಮ್ಮನ ಹೊಟ್ಟೆಯಲ್ಲಿರುವ ಕೂಸಿಗೆ ತಲೆಬುರುಡೆ ಬೆಳೆದಿಲ್ಲ, ಮೆದುಳೂ ಸರಿಯಾಗಿ ಬೆಳೆದಿಲ್ಲ. ಹುಟ್ಟಿದರೆ ಕೆಲವು ಗಳಿಗೆ, ಹೆಚ್ಚೆಂದರೆ ಒಂದೆರಡು ದಿನ ಉಸಿರಾಡೀತು ಎಂದು ಹೇಳಿದವರು ನಿಮ್ಮದೇ ಇಲಾಖೆಯ ವೈದ್ಯರು. ಆ ಬಸಿರನ್ನು ತೆಗೆಸಲು ಕಾನೂನು ಒಪ್ಪುತ್ತಿದ್ದ ದಿನಗಳಲ್ಲಿ ನಾವು ನಿಮ್ಮ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದೆವು. ಅವಧಿ ಮುಗಿದಿದೆ ಎಂದು ವಾಪಸು ಕಳಿಸಿದರು. ಅವಧಿ ನಿಜವಾಗಿಯೂ ಮುಗಿದ ಮೇಲೆ, ಅಂದು ಮುಗಿದಿರಲಿಲ್ಲ ಎಂದು ತಿಳಿಸಿದರು. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರ. ತಮಗೆ ಸಮಯವಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ಅಕ್ಕನ ಹೆಸರನ್ನು ಈ ಪತ್ರದಲ್ಲಿ ಹಾಕಬೇಕೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದೆ. ಅವಳನ್ನೇ ಕೇಳಿದೆ. "ಹಾಕು, ನಾನೇನ್ ಕದ್ದೀನೇನು?" ಅಂದಳು. ನನ್ನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಒಂಬತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟಿದ್ದರಿಂದ ಶಾಲೆ ಬಿಟ್ಟೆ. ಅದಿರು ಲಾರಿಯಲ್ಲಿ ಕ್ಲೀನರ್ ಆಗಿದ್ದೆ, ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿಯ ಮುಂದೆ ಕೂತಿದ್ದೆ, ಈಗ ಬಾಡಿಗೆ ಟ್ರಾಕ್ಸ್ ಓಡಿಸುತ್ತೇನೆ. ಈ ಪತ್ರದ ಕಾಗುಣಿತವನ್ನು ನಮ್ಮ ನಿವೃತ್ತ ಮೇಷ್ಟ್ರು ಕೊಟ್ರಬಸಪ್ಪನವರು ತಿದ್ದಿದ್ದಾರೆ. ಅಭಿಪ್ರಾಯವನ್ನೂ ತಿದ್ದಲು ಬಂದರು, ನಾನು ಬಿಡಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾನ್ಯರೇ, ನಮ್ಮ ಕಡೆ ಹೆಂಗಸರು ತಿಂಗಳು ಎಣಿಸುವ ರೀತಿಯನ್ನು ತಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಕಾಣೆ. ಅವರ ತಿಂಗಳು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಮುಟ್ಟಾಗಿ ಕೊನೆಯ ಸಲ ತಲೆಗೆ ನೀರು ಹಾಕಿಕೊಂಡದ್ದು ಯಾವ ತಿಂಗಳಲ್ಲೋ ಅದೇ ಒಂದು. ಆ ತಿಂಗಳಲ್ಲಿ ಒಂದೇ ದಿನ ಉಳಿದಿದ್ದರೂ ಅದು ಒಂದು. ನಡೆಯುತ್ತಿರುವ ತಿಂಗಳು, ಹುಟ್ಟಿ ನಾಲ್ಕು ದಿನವಾಗಿದ್ದರೂ, ಅದೂ ಒಂದು. ಬಸುರಿಯ ತಿಂಗಳನ್ನು ಕಡಿಮೆ ಮಾಡಿ ಹೇಳಬಾರದು, ಹಾಗೆ ಹೇಳಿದರೆ ಕೂಸಿನ ಆಯುಸ್ಸನ್ನೇ ಕಡಿಮೆ ಮಾಡಿದಂತೆ ಎಂಬುದು ನಮ್ಮ ಅವ್ವಂದಿರ ನಂಬಿಕೆ. ಹೀಗಾಗಿ ನಮ್ಮಲ್ಲಿ ಬಸುರಿಯರು ಬೇಗ ಬೇಗ ತಿಂಗಳು ತುಂಬಿಸಿಕೊಳ್ಳುತ್ತಾರೆ. ಹೆರಿಗೆ ಮಾತ್ರ ಅದರ ಕಾಲಕ್ಕೇ ಆಗುತ್ತದೆ. ಇದರಿಂದ ಇದುವರೆಗೂ ಯಾರಿಗೂ ನಷ್ಟವಾಗಿರಲಿಲ್ಲ.

ಅಕ್ಕ ಕೊನೆಯ ಸಲ ನೀರು ಹಾಕಿಕೊಂಡದ್ದು ಈ ವರ್ಷದ, ಅಂದರೆ 2009ರ, ಶಿವರಾತ್ರಿಯ ದಿನ. ಮರುದಿನವೇ ಅಮಾವಾಸ್ಯೆ. ಆ ಒಂದು ದಿನದ ಮಾಘ ಮಾಸ ಅವ್ವನ ಬೆರಳಿನ ಮೊದಲ ಗೆಣ್ಣನ್ನು ಹಿಡಿದುಬಿಟ್ಟಿತು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢ ಹುಟ್ಟಿದ ಕೆಲವೇ ದಿನಗಳಲ್ಲಿ, ಹೊಟ್ಟೆಯ ಆಕಾರ ಯಾಕೋ ಸರಿ ಕಾಣುತ್ತಿಲ್ಲ ಎಂದು ಊರಿನ ನರ್ಸಮ್ಮ ಸ್ಕ್ಯಾನಿಂಗಿಗೆ ಕಳಿಸಿದರು. ಸ್ಕ್ಯಾನಿಂಗ್ ಮಾಡಿದವರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಅಕ್ಕನನ್ನು ಹೊರಗೆ ಕೂರಿಸಿ ನನಗೆ ಹೇಳಿದರು. ಹೊರಗೆ ಬಂದು ನಾನು ಅವಳಿಗೆ ಹೇಳಬೇಕಾಯಿತು. ಅದನ್ನು ಹೇಗೆ ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸಾಮಾನ್ಯವಾಗಿ ಕೂಸಿನ ತಲೆಯ ಅಳತೆ ತೆಗೆದು ಎಷ್ಟು ವಾರವೆಂದು ಯಂತ್ರ ಹೇಳುತ್ತದಂತೆ. ಇಲ್ಲಿ ಅಳೆಯಲು ತಲೆಯೇ ಇಲ್ಲ. ತೊಡೆಯ ಮೂಳೆ ಅಳೆದೂ ಹೇಳಬಹುದು ಎಂದು ನಮಗೆ ಆಮೇಲೆ ಗೊತ್ತಾಯಿತು, ಅಂದು ಆ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. "ಎಷ್ಟು ತಿಂಗಳಮ್ಮಾ?" ಎಂದು ಜೊತೆಗೆ ಬಂದಿದ್ದ ಅವ್ವನನ್ನು ಕೇಳಿದರು. "ಆರು ನಡ್ಯಾಕ ಹತ್ತೈತ್ರಿ" ಎಂದಳು ಅವ್ವ. ಆರು ತಿಂಗಳು ಎಂದು ಬರೆದರು.

ಆ ವರದಿ ಹಿಡಿದು ಮರುದಿನವೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಯಾವ ಊರಿನ ಆಸ್ಪತ್ರೆ ಎಂದು ಬರೆಯುವುದಿಲ್ಲ. ಒಂದನ್ನು ಹೆಸರಿಸಿದರೆ ಉಳಿದವು ತಾವು ಬೇರೆ ಎಂದುಕೊಳ್ಳುತ್ತವೆ. ಅಲ್ಲಿಯ ವೈದ್ಯರೂ ಅವ್ವನನ್ನು ಅದನ್ನೇ ಕೇಳಿದರು.

"ಎಷ್ಟು ತಿಂಗಳು?"

"ಆರ್ರಿ ಯಪ್ಪಾ."

"ಆರು ನಾಲ್ಕಲಿ ಇಪ್ಪತ್ನಾಲ್ಕು. ಇಪ್ಪತ್ತು ವಾರ ದಾಟೈತಿ. ಕಾನೂನು ಒಪ್ಪಂಗಿಲ್ಲ, ಕರ್ಕೊಂಡು ಹೋಗ್ರಿ."

ಗಣಿತದಲ್ಲಿ ಸೋತವನಾದ ನನಗೆ ಆ ಗುಣಾಕಾರ ತಪ್ಪು ಎನಿಸಲಿಲ್ಲ. ಈಗಲೂ ತಪ್ಪಲ್ಲ. ಆರು ನಾಲ್ಕಲಿ ಇಪ್ಪತ್ತನಾಲ್ಕೇ. ಆದರೆ ಆ ದಿನ ಅಕ್ಕನಿಗೆ ನಡೆಯುತ್ತಿದ್ದದ್ದು ಹತ್ತೊಂಬತ್ತನೆಯ ವಾರ.

ಅಕ್ಕ ಕದಲಲಿಲ್ಲ. ಏನೂ ದಾರಿ ಇಲ್ಲವೇ ಎಂದು ಕೇಳಿದಳು. ವೈದ್ಯರು ಕೆಟ್ಟವರಲ್ಲ, ಹೊರಗೆ ಸಾಲು ದೊಡ್ಡದಿತ್ತು. "ಒಂದ ದಾರಿ ಐತಮ್ಮಾ. ತಾಯಿ ಜೀವಕ್ಕ ಅಪಾಯ ಇದ್ರ ಯಾವಾಗ ಬೇಕಾದ್ರೂ ಮಾಡಬಹುದು. ನಿನಗ ಸದ್ಯಕ್ಕ ಏನೂ ಅಪಾಯ ಇಲ್ಲಲ್ಲ" ಎಂದರು.

"ಹಂಗಾರ ನಾನು ಸಾಯಂಗ ಆದಮ್ಯಾಲೆ ಬರ್ಬೇಕೇನ್ರಿ?"

ವೈದ್ಯರು ಮುಂದಿನ ಚೀಟಿ ಕೈಗೆತ್ತಿಕೊಂಡರು. ಮಾನ್ಯರೇ, ಅಕ್ಕನ ಆ ಪ್ರಶ್ನೆಗೆ ತಮ್ಮ ಕಚೇರಿಯಲ್ಲಿ ಉತ್ತರ ಇದೆಯೇ? ಅವಳು ಈಗ ಊಟ ಮಾಡುತ್ತಾಳೆ, ನಡೆಯುತ್ತಾಳೆ, ನೀರು ತರುತ್ತಾಳೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾಳೆ. ಇಷ್ಟೆಲ್ಲ ಮಾಡುವವಳನ್ನು ಕಾನೂನು 'ಅಪಾಯವಿಲ್ಲ' ಎಂಬ ಪಟ್ಟಿಗೆ ಸೇರಿಸುತ್ತದೆ. ರಾತ್ರಿ ಅವಳು ಮಲಗುವುದಿಲ್ಲ ಎಂಬುದನ್ನು ತಿಳಿಯುವ ಯಂತ್ರ ಇನ್ನೂ ಬಂದಿಲ್ಲವಾದ್ದರಿಂದ ಇಲಾಖೆಯನ್ನು ದೂರುವಂತಿಲ್ಲ.

ನಾವು ಸುಮ್ಮನೆ ಕೂರಲಿಲ್ಲ, ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಒಂದು ಹೊಸ ಸಮಸ್ಯೆ ಎದುರಾಯಿತು. ಅಕ್ಕನ ಗಂಡನ ಮನೆ ಹರಪನಹಳ್ಳಿ ತಾಲ್ಲೂಕು, ಅಂದರೆ ದಾವಣಗೆರೆ ಜಿಲ್ಲೆ. ತವರು ತಂಬ್ರಹಳ್ಳಿ, ಅಂದರೆ ಬಳ್ಳಾರಿ ಜಿಲ್ಲೆ. ಇಲ್ಲಿಯವರು ಕಾರ್ಡು ನೋಡಿ "ನಿಮ್ದು ಆ ಜಿಲ್ಲಾ" ಎಂದರು. ಅಲ್ಲಿಯವರು ಸ್ಕ್ಯಾನಿಂಗ್ ವರದಿ ನೋಡಿ "ನಿಮ್ದು ಈ ಜಿಲ್ಲಾದಾಗ ಆಗೈತಿ, ಅಲ್ಲೇ ತೋರಿಸ್ರಿ" ಎಂದರು. ತಾಲ್ಲೂಕುಗಳನ್ನು ಹಂಚುವಾಗ ಬಸುರಿಯರ ಹೊಟ್ಟೆ ಯಾವ ಜಿಲ್ಲೆಗೆ ಸೇರತಕ್ಕದ್ದು ಎಂಬುದನ್ನು ಆದೇಶದಲ್ಲಿ ಸೇರಿಸಲು ಸರ್ಕಾರ ಮರೆತಂತಿದೆ. ಒಂದು ಕಡೆ, ಹನ್ನೆರಡು ವಾರ ದಾಟಿದರೆ ಇಬ್ಬರು ವೈದ್ಯರ ಒಪ್ಪಿಗೆ ಬೇಕೆಂದರು. ಅಲ್ಲಿದ್ದವರು ಒಬ್ಬರೇ, ಇನ್ನೊಬ್ಬರು ತರಬೇತಿಗೆ ಹೋಗಿದ್ದರು. ಯಾವ ತರಬೇತಿ ಎಂದು ಕೇಳಿದೆ. ತಾಯಂದಿರ ಆರೋಗ್ಯದ್ದು ಎಂದರು.

ಭಾವ ಮರುಳಪ್ಪ ಗಾರೆ ಕೆಲಸದವನು, ಹೆಚ್ಚು ಮಾತಿಲ್ಲ. ಕೆಲಸ ಬಿಟ್ಟು ನಮ್ಮ ಹಿಂದೆ ತಿರುಗಿದ. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಒಂದು ನರ್ಸಿಂಗ್ ಹೋಮಿನ ಸುದ್ದಿ ತಂದ. ಅದರ ಹೆಸರನ್ನೂ ಬರೆಯುವುದಿಲ್ಲ, ತಮಗೆ ಬೇಕಾದರೆ ತಮ್ಮ ಸಿಬ್ಬಂದಿಯೇ ದಾರಿ ತೋರಿಸುತ್ತಾರೆ. ಅಲ್ಲಿಗೂ ಹೋದೆವು. ಗೋಡೆಯ ಮೇಲೆ 'ಇಲ್ಲಿ ಹೆಣ್ಣು ಗಂಡು ಹೇಳಲಾಗುವುದಿಲ್ಲ' ಎಂಬ ದೊಡ್ಡ ಫಲಕ. ಅದರ ಕೆಳಗೆ ಬೆಂಚಿನ ಮೇಲೆ ಮೂವರು ಹೆಂಗಸರು, ಅವರ ಪಕ್ಕದಲ್ಲಿ ಅವರ ಅತ್ತೆಯರು. ಒಳಗೆ ಕೂತವನು ನಮ್ಮ ವರದಿಯನ್ನು ನೋಡಲೂ ಇಲ್ಲ.

"ಎಷ್ಟು ವಾರ ಅಂತ ಬರೀಲಿ?" ಎಂದ.

ದರ್ಜಿ 'ತೋಳು ಎಷ್ಟು ಇಡಲಿ' ಎಂದು ಕೇಳುತ್ತಾನಲ್ಲ, ಹಾಗೆ. ಇಪ್ಪತ್ತರೊಳಗೆ ಯಾವ ಸಂಖ್ಯೆ ಹೇಳಿದರೂ ಆಗುತ್ತಿತ್ತು. ಆಗ ನನಗೆ ಅರ್ಥವಾಯಿತು: ತಮ್ಮ ಇಪ್ಪತ್ತು ವಾರಗಳ ಗೆರೆ ಸರ್ಕಾರಿ ಆಸ್ಪತ್ರೆಯ ಬಾಗಿಲ ಮುಂದೆ ಮಾತ್ರ ಎಳೆದದ್ದು. ಬುರುಡೆ ಇಲ್ಲದ ಕೂಸಿನ ತಾಯಿ ಮುಂಬಾಗಿಲಿಗೆ ಬಂದು ನಿಜ ಹೇಳಿದರೆ ಕಾನೂನು ಎದ್ದು ನಿಲ್ಲುತ್ತದೆ. ಎಲ್ಲ ಅಂಗವೂ ಸರಿಯಿರುವ ಕೂಸು, ಹೆಣ್ಣೆಂಬ ಒಂದೇ ಕಾರಣಕ್ಕೆ ಹಿಂಬಾಗಿಲಿಂದ ಬಂದರೆ ಅದೇ ಕಾನೂನು ಕಣ್ಣು ಮುಚ್ಚಿ ಕೂರುತ್ತದೆ. ತಡವಾದ ಗರ್ಭಪಾತಕ್ಕೆ ಅವಕಾಶ ಕೊಟ್ಟರೆ ಹೆಣ್ಣು ಕೂಸುಗಳಿಗೆ ಉಳಿಗಾಲವಿಲ್ಲ ಎಂದು ಟೀವಿಯಲ್ಲಿ ವಾದಿಸುವವರ ಮಾತಿಗೆ ನಾನು ತಲೆಬಾಗುತ್ತೇನೆ. ಅವರ ಭಯ ನಿಜ. ಆದರೆ ಆ ಬೆಂಚಿನ ಮೇಲೆ ಕೂತಿದ್ದ ಮೂವರನ್ನು ತಮ್ಮ ಗೆರೆ ತಡೆಯಿತೇ? ತಡೆದದ್ದು ನನ್ನ ಅಕ್ಕನನ್ನು.

ಸುಳ್ಳು ಸಂಖ್ಯೆಗೆ ನಾನು ಒಪ್ಪಿದ್ದೆ, ಭಾವನೂ ಒಪ್ಪಿದ್ದ. ಇದನ್ನು ಬರೆಯಬಾರದು ಎಂದು ಮೇಷ್ಟ್ರು ಹೇಳಿದರು, ನಡೆದದ್ದನ್ನು ಬರೆಯುತ್ತಿದ್ದೇನೆ. ಒಪ್ಪದವಳು ಅಕ್ಕ. ಬೆಂಚಿನ ತುದಿಯಲ್ಲಿ ಅಳುತ್ತ ಕೂತಿದ್ದ ಹುಡುಗಿಯನ್ನು ನೋಡಿ ಎದ್ದು ಹೊರಗೆ ಬಂದುಬಿಟ್ಟಳು.

"ಏನಾತಬೇ?" ಅಂದೆ.

"ಆ ಹುಡುಗಿ ಕೂಸು ಚೆಂದ ಐತಂತ. ಬ್ಯಾಡಂತ. ನಂದು ನನಗ ಬೇಕು, ಅದು ಉಳ್ಯಂಗಿಲ್ಲ. ಇಬ್ಬರದೂ ಒಂದ ಕ್ವಾಣ್ಯಾಗ ಹೆಂಗ ತೆಗಿಸ್ಕಳ್ಳಾದು? ನಾ ಒಲ್ಲೆ. ಕಳಕೊಂಡ್ರ ನಾಕು ಮಂದಿ ಮುಂದ ಕಳಕಂತೀನಿ."

ಆಮೇಲೆ ದೂರದ ದೊಡ್ಡಾಸ್ಪತ್ರೆಗೆ ಹೋದೆವು. ಭೀಮನ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಲ್ಲಿ ಒಬ್ಬ ಲೇಡಿ ಡಾಕ್ಟರ್. ಅವರು ತಿಂಗಳು ಕೇಳಲಿಲ್ಲ. "ಕಡೀಸಲ ಯಾವಾಗ ನೀರು ಹಾಕ್ಕೊಂಡಿಯಮ್ಮಾ?" ಎಂದರು. "ಶಿವರಾತ್ರಿಗ್ರಿ" ಎಂದಳು ಅಕ್ಕ. ಡಾಕ್ಟರು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ತಿರುವಿದರು, ಮುಂದಕ್ಕೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಪ್ಪತ್ತು ಮುಗದಾವಲ್ಲವ್ವಾ. ಇಷ್ಟು ದಿನ ಎಲ್ಲಿದ್ರಿ?"

ಎಲ್ಲಿದ್ದೆವು ಎಂದು ನಾನು ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು, ಮೊದಲ ದಿನವೇ ಒಬ್ಬರು ಈ ಒಂದು ಪ್ರಶ್ನೆ ಕೇಳಿದ್ದರೆ ಆಗುತ್ತಿತ್ತು, ಹದಿನೆಂಟು ತುಂಬಿ ಹೆಚ್ಚಾಗಿರಲಿಲ್ಲ ಎಂದರು. ಆಗ ಅವ್ವ ಕೇಳಿದಳು: "ಹಂಗಾರ ನಾನು ಐದು ಅಂದಿದ್ರ ಆಗ್ತಿತ್ತೇನ್ರಿ?" ಡಾಕ್ಟರು ಅವ್ವನ ಕೈ ಹಿಡಿದುಕೊಂಡರು. ನೀನು ಹೇಳಿದ್ದು ಸುಳ್ಳಲ್ಲ ತಾಯಿ, ನಾವು ಕೇಳಿದ್ದು ಸರಿ ಇರಲಿಲ್ಲ ಎಂದರು. ತಮ್ಮ ಇಲಾಖೆಯಿಂದ ನಮಗೆ ಸಿಕ್ಕ ಒಂದೇ ಒಂದು ಒಳ್ಳೆಯ ಮಾತು ಅದು, ಅದಕ್ಕಾಗಿ ಇಲ್ಲಿ ದಾಖಲಿಸಿದ್ದೇನೆ. ಆದರೆ ಅವ್ವ ಅಂದಿನಿಂದ ಬೆರಳು ಮಡಿಚಿ ಏನನ್ನೂ ಎಣಿಸುತ್ತಿಲ್ಲ. ರೊಟ್ಟಿ ಎಷ್ಟಾದವು ಎಂದು ಕೇಳಿದರೂ "ನೀನ ನೋಡ್ಕ" ಅನ್ನುತ್ತಾಳೆ.

ಇನ್ನೊಂದು ಸಂಗತಿ. ನಾನು ಈ ಪತ್ರ ಬರೆಯುತ್ತಿರುವ ಶ್ರಾವಣದ ಈ ವಾರದಲ್ಲಿ ಅಕ್ಕನಿಗೆ ನಿಜವಾಗಿಯೂ ಇಪ್ಪತ್ತನಾಲ್ಕು ತುಂಬಿದೆ. ಮೊದಲ ವೈದ್ಯರು ಹೇಳಿದ್ದು ಕೊನೆಗೂ ನಿಜವಾಯಿತು. ಸರ್ಕಾರಿ ಲೆಕ್ಕ ಸುಳ್ಳಾಗುವುದಿಲ್ಲ, ಸ್ವಲ್ಪ ಕಾಯಬೇಕಾಗುತ್ತದೆ ಅಷ್ಟೆ.

ಈಗ ಮೇಷ್ಟ್ರ ವಾದಕ್ಕೆ ಬರುತ್ತೇನೆ. ಅವರು ಪತ್ರದ ಮೊದಲ ಪ್ರತಿ ಓದಿ ಕೆಂಪು ಪೆನ್ನು ಕೆಳಗಿಟ್ಟು ಕೇಳಿದರು: "ಲೇ ಗಾದಿಲಿಂಗ, ಜೀವ ಅಂದಮ್ಯಾಲೆ ಜೀವ. ಬುರುಡಿ ಇಲ್ಲ ಅಂತ ಅದು ಜೀವ ಅಲ್ಲೇನು? ಕೊಟ್ಟಾತ ಬ್ಯಾರೆ, ತಗಳ್ಳಾಕ ನೀನ್ಯಾರು?"

"ನಾನ್ಯಾರೂ ಅಲ್ರಿ ಸರ. ಆದ್ರ ಬ್ಯಾಡ ಅನ್ನಾಕ ಸರ್ಕಾರ ಯಾರ್ರಿ?" ಅಂದೆ.

ಮೇಷ್ಟ್ರಿಗೆ ಸಿಟ್ಟು ಬಂತು. ಆಮೇಲೆ ಮನೆಯಲ್ಲಿ ಯೋಚಿಸಿದಾಗ ನನ್ನ ಮಾತೂ ಪೂರ್ತಿ ಸರಿಯಲ್ಲ ಎನಿಸಿತು. ಗೆರೆಯೇ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಸೋದರಮಾವ ಏಳು ತಿಂಗಳಿಗೆ ಹುಟ್ಟಿದವನು. ಹತ್ತಿಯಲ್ಲಿ ಸುತ್ತಿ ಸಾಕಿದರಂತೆ. ಈಗ ಅವನನ್ನು ಎತ್ತಲು ನಾಲ್ಕು ಜನ ಬೇಕು. ಅಂಥ ಕೂಸಿಗೂ ಕಾನೂನಿನ ಕಾವಲು ಬೇಕು, ಬೇಡ ಎನ್ನಲು ನಾನು ಕಟುಕನಲ್ಲ. ಅಕ್ಕನ ಹೊಟ್ಟೆಯೊಳಗಿನದೂ ಒದೆಯುತ್ತದೆ. ಕೈ ಇಟ್ಟು ನೋಡು ಎಂದು ಅವಳೇ ಒಮ್ಮೆ ನನ್ನ ಕೈ ಎಳೆದುಕೊಂಡಳು. ಒದೆಯಿತು, ಮಾನ್ಯರೇ. ಸುಳ್ಳು ಹೇಳಿ ವಾದ ಗೆಲ್ಲಲು ನನಗೆ ಬರುವುದಿಲ್ಲ. ಆದರೆ ಬದುಕಬಲ್ಲ ಕೂಸಿಗೂ, ಬದುಕಲಾರದು ಎಂದು ತಮ್ಮ ವೈದ್ಯರೇ ಹೇಳಿದ ಕೂಸಿಗೂ ಒಂದೇ ಗೆರೆ ಎಳೆದು, ಆ ಗೆರೆಯ ಹಿಂದೆ ತಾವು ಕುರ್ಚಿ ಹಾಕಿಕೊಂಡು ಕೂರುವುದು ಯಾವ ನ್ಯಾಯ? ಇನ್ನೂ ನಾಲ್ಕು ತಿಂಗಳು ಹೊರುವವಳು ಒಬ್ಬಳು, ಹೊರಬೇಕು ಎಂದು ಹೇಳುವವರು ಹಲವರು. ಹೇಳುವವರ ಪೈಕಿ ಒಬ್ಬರೂ ಅವಳ ಮನೆಗೆ ಬಂದು ಒಂದು ಕೊಡ ನೀರು ಎತ್ತಿಕೊಡಲಿಲ್ಲ.

ಕಳೆದ ವರ್ಷ ಮುಂಬಯಿಯ ತಾಯಿಯೊಬ್ಬಳು ಇಂಥದ್ದೇ ತಡವಾದ ಪ್ರಶ್ನೆ ಹಿಡಿದು ಕೋರ್ಟಿಗೆ ಹೋದದ್ದು ಪತ್ರಿಕೆಯಲ್ಲಿ ಬಂದಿತ್ತು. ಕೋರ್ಟು ಒಪ್ಪಲಿಲ್ಲ. ಆದರೂ ಆಕೆಗೆ ಒಂದು 'ಇಲ್ಲ' ಸಿಕ್ಕಿತು, ಹೇಳಿದವರ ಸಹಿ ಸಮೇತ. ನಾನು ಕೂಡ್ಲಿಗಿಯ ವಕೀಲರೊಬ್ಬರನ್ನು ಕೇಳಿದೆ. "ಆಸ್ಪತ್ರಿಯವ್ರು ಆಗಂಗಿಲ್ಲ ಅಂದಿದ್ದು ಬರಹದಾಗ ಐತೇನಪ್ಪಾ?" ಎಂದರು. ಇಲ್ಲ. ನಮ್ಮನ್ನು ವಾಪಸು ಕಳಿಸಿದವರೆಲ್ಲ ಬಾಯಲ್ಲೇ ಕಳಿಸಿದರು. ಬರೆದುಕೊಡಿ ಎಂದಾಗ ಒಬ್ಬರು ಊಟಕ್ಕೆ ಎದ್ದರು, ಒಬ್ಬರು ಮೇಲಿನವರನ್ನು ಕೇಳಬೇಕೆಂದರು. ಇಷ್ಟು ಗಟ್ಟಿಯಾದ ಕಾನೂನಿನ ಪರವಾಗಿ ಸಹಿ ಹಾಕಲು ಇಷ್ಟೊಂದು ಜನ ಹೆದರುವುದೇಕೆ?

ಅಷ್ಟರಲ್ಲಿ ಊರಿನ ಲೆಕ್ಕದಲ್ಲಿ ಏಳು ಬಿತ್ತು. ಏಳಕ್ಕೆ ಕುಬಸ ಮಾಡಬೇಕು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಬಯಸಿದ್ದನ್ನು ಉಣ್ಣಿಸುವ ಶಾಸ್ತ್ರ. ಅತ್ತೆ ಮನೆಯವರು ಸೀರೆ ಮೊದಲೇ ತಂದಿಟ್ಟಿದ್ದರು. ಎದುರು ಮನೆಯ ಹುಲುಗಮ್ಮನಿಗೆ ಒಳಗಿನ ಸಂಗತಿ ಗೊತ್ತಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಎಲ್ಲರ ಮುಂದೆ ಅವ್ವನನ್ನು ಕೆಣಕಿದಳು.

"ಏನ್ಬೇ ಜಂಬಮ್ಮ, ಮಗಳ ಕುಬಸದ ಸುದ್ದಿನ ಇಲ್ಲ? ಹೋಳಿಗಿ ಮಾಡಾಕ ಬೆಲ್ಲ ಉಳಿಸ್ಕಂಡು ಕುಂತೀಯೇನು?"

"ಮಾಡಾಣ ತಗಾ" ಎಂದಳು ಅವ್ವ. ಮನೆಗೆ ಬಂದು ಕೊಡ ಇಳಿಸುವುದನ್ನೂ ಮರೆತು ನಿಂತಳು. ಬೇಡ, ಯಾರಿಗೂ ಹೇಳುವುದು ಬೇಡ, ಅಕ್ಕನಿಗೆ ಮೈ ಹುಷಾರಿಲ್ಲ ಎಂದರಾಯಿತು ಎಂದೆ ನಾನು. ಅಕ್ಕ ಒಳಗಿನಿಂದ ಕೇಳಿಸಿಕೊಂಡಳು.

"ಕುಬಸ ಮಾಡ್ರಿ. ಎಲ್ಲಾರನ್ನೂ ಕರೀರಿ."

"ಹುಚ್ಚಿ ಅದಿಯೇನಬೇ? ಆ ಹೆಂಗಸರು ಹಾಡಾಕ ಕುಂದ್ರತಾರ. ಗಂಡಾಗತೈತಿ, ಹೆಣ್ಣಾಗತೈತಿ ಅಂತಾರ. ಏನಂತ ಕೇಳ್ಕಂತ ಕುಂತಿರ್ತೀ?" ಅಂದೆ.

"ಅನ್ಲಿ ಬಿಡು. ಅದು ಉಣ್ಣಾದು ಅದೊಂದ ಊಟ. ಅದನ್ನೂ ತಪ್ಪಸ್ತೀಯೇನು?"

ಮುಂದಿನ ಸೋಮವಾರ ಕುಬಸ ಇದೆ.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ತಮ್ಮ ಆಸ್ಪತ್ರೆಗಳಲ್ಲಿ ಬಸುರಿಯರನ್ನು 'ಎಷ್ಟು ತಿಂಗಳು' ಎಂದು ಕೇಳುವುದನ್ನು ನಿಲ್ಲಿಸಿ, ಕೊನೆಯ ಸಲ ನೀರು ಹಾಕಿಕೊಂಡದ್ದು ಯಾವ ಹಬ್ಬದ ಆಸುಪಾಸಿನಲ್ಲಿ ಎಂದು ಕೇಳಬೇಕೆಂದು ಆದೇಶ ಹೊರಡಿಸಿ. ಇದಕ್ಕೆ ಹೊಸ ಯಂತ್ರ ಬೇಡ, ಗೋಡೆಗೊಂದು ಕ್ಯಾಲೆಂಡರ್ ಸಾಕು. ಬದುಕಲಾರದ ಕೂಸಿನ ವಿಷಯದಲ್ಲಿ ಇಪ್ಪತ್ತರ ಗೆರೆಯನ್ನು ಮತ್ತೆ ವಿಚಾರ ಮಾಡಿ ಎಂದು ಕಾನೂನು ಮಾಡುವವರಿಗೆ ಬರೆಯಿರಿ. ಅಕ್ಕನ ವಿಷಯದಲ್ಲಿ, ಆಗುತ್ತದೆ ಎಂದಾಗಲಿ ಆಗುವುದಿಲ್ಲ ಎಂದಾಗಲಿ ಈ ವಾರದಲ್ಲೇ ತಮ್ಮ ಸಹಿ ಹಾಕಿ ಬರೆದುಕೊಡಿ. ಆಗುವುದಿಲ್ಲ ಎಂದಾದರೆ ನಾವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಆ ಕಾಗದ ಹಿಡಿದು ಹೋಗುತ್ತೇವೆ.

ಇಷ್ಟು ಬರೆದು ಅಕ್ಕನಿಗೆ ಓದಿ ಹೇಳಿದೆ. ಅವರು ಬರೆದುಕೊಡುವುದಿಲ್ಲ ಎಂದಳು. ಮತ್ತೇನು ಬರೆಯಲಿ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಇದರಲ್ಲಿ ಮೇಷ್ಟ್ರು ಕಾಗುಣಿತವನ್ನೂ ಮುಟ್ಟಿಲ್ಲ.

"ನಾ ಹಡಿಯಾಕ ಅವರ ಆಸ್ಪತ್ರಿಗೇ ಬರ್ತೀನಿ ಅಂತ ಬರಿ. ಹುಟ್ಟಿದ ಕೂಡ್ಲೆ ನೋಡಬ್ಯಾಡ ಅಂತ ಬಟ್ಟಿ ಮುಚ್ಚಿ ಆಚೀಗೆ ಒಯ್ಯಬ್ಯಾಡ್ರಿ ಅಂತ ಬರಿ. ನನ್ನ ಕೈಯಾಗ ಕೊಡ್ಲಿ. ಅದರ ಉಸಿರು ಇರಾತನಕ ನಾ ಹಿಡ್ಕಂಡಿರ್ತೀನಿ. ಅದಕ್ಕ ಯಾವ ಕಾನೂನೂ ಅಡ್ಡ ಬರಂಗಿಲ್ಲಲ್ಲ, ಕೇಳಿ ನೋಡು."

ಕೇಳುತ್ತಿದ್ದೇನೆ, ಮಾನ್ಯರೇ. ಅಡ್ಡ ಬರುತ್ತದೆಯೇ?

ಇಂತಿ,
ಎಂಟು ಬೀಳುವ ಮೊದಲು ಉತ್ತರ ಬರುತ್ತದೆಂದು ನಂಬಲು ಹೆಣಗುತ್ತಿರುವ,
ಗಾದಿಲಿಂಗ,
ಹೊನ್ನೂರಮ್ಮನ ತಮ್ಮ,
ತಂಬ್ರಹಳ್ಳಿ